ಆಫರ್ ಲೆಟರ್ ಕೈಗೆ ಬರುವ ತನಕ ಮ್ಯಾನೇಜರ್ ಹತ್ತಿರ ಬಾಯಿ ಬಿಡಬೇಡಿ

ಕೆಲಸ ಬಿಡುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ "ನಮ್ಮ ಮ್ಯಾನೇಜರ್ ಒಳ್ಳೆಯವರು, ಅವರ ಕಿವಿಗೆ ಮೊದಲೇ ಒಂದು ಮಾತು ಹಾಕಿಬಿಡೋಣ" ಅಂದುಕೊಂಡಿರುವವರು ಓದಲೇಬೇಕು. ನನ್ನ ಮ್ಯಾನೇಜರೂ ಒಳ್ಳೆಯವರೇ ಆಗಿದ್ದರು. ನಾನು ಹೇಳುವ ತನಕ.

ಹೆಸರು ಬರೆಯುವುದಿಲ್ಲ. ಕಂಪನಿ ಹೆಸರೂ ಬೇಡ. ಬರೆಯೋಕೆ ಕೈ ತುರಿಸುತ್ತಿದೆ, ಆದರೆ ನನ್ನ ಸೆಟಲ್‌ಮೆಂಟ್, ಅಂದರೆ ಕೆಲಸ ಬಿಟ್ಟ ಮೇಲೆ ಬರಬೇಕಾದ ಬಾಕಿ ಹಣ, ಇನ್ನೂ ಅವರ ಹತ್ತಿರವೇ ಇದೆ.

ಹೊಸ ಕಡೆ ಇಂಟರ್‌ವ್ಯೂ ಎಲ್ಲಾ ರೌಂಡ್ ಮುಗಿದಿತ್ತು. "ನೀವು ಸೆಲೆಕ್ಟ್ ಆಗಿದ್ದೀರಿ, ಲೆಟರ್ ಅಪ್ರೂವಲ್‌ಗೆ ಹೋಗಿದೆ, ಈ ವಾರ ಬರುತ್ತೆ" ಅಂತ ಫೋನಿನಲ್ಲಿ ಹೇಳಿದ್ದರು. ಆ ವಾರ ಎಷ್ಟು ಉದ್ದ ಆಗುತ್ತೆ ಅಂತ ಕೆಲಸ ಬದಲಿಸಿದವರಿಗೆಲ್ಲ ಗೊತ್ತಲ್ವಾ? ನಾನು ಯಾರಿಗೂ ಹೇಳಿರಲಿಲ್ಲ. ಪಕ್ಕದ ಸೀಟಿನವರಿಗೂ ಇಲ್ಲ. ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್' (ಕೆಲಸ ಹುಡುಕುತ್ತಿದ್ದೇನೆ ಅನ್ನುವ ಗುರುತು) ಹಾಕಿದ್ದೆ, ಅದೂ ಕಂಪನಿಗಳಿಗೆ ಜನ ಹುಡುಕುವ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ. (ಅದೂ ಪೂರ್ತಿ ಗುಟ್ಟಲ್ಲ. ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ನೋಡಿಕೊಳ್ಳುತ್ತೇವೆ, ಆದರೆ ಗ್ಯಾರಂಟಿ ಇಲ್ಲ ಅಂತ ಲಿಂಕ್ಡ್‌ಇನ್ನೇ ಹೇಳುತ್ತದೆ. ಆ ಸಾಲನ್ನು ಯಾರು ಓದುತ್ತಾರೆ?)

ಅಲ್ಲಿಂದಲೇ ವಾಸನೆ ಹತ್ತಿತೋ ಏನೋ. ಒಂದು ದಿನ ಒನ್ ಆನ್ ಒನ್ ಮೀಟಿಂಗ್‌ನಲ್ಲಿ ಮ್ಯಾನೇಜರೇ ಬಾಗಿಲು ಹಾಕಿ ಬಂದು ಕೂತು ಕೇಳಿದರು.

"ಬೇರೆ ಕಡೆ ನೋಡ್ತಿದ್ದೀಯಾ? ನೋಡ್ತಿದ್ರೆ ಹೇಳು, ನಾನೇನೂ ಅಂದ್ಕೊಳ್ಳಲ್ಲ. ಮುಂಚೆ ಗೊತ್ತಾದ್ರೆ ಪ್ರಾಜೆಕ್ಟ್‌ಗೆ ಒಂದು ವ್ಯವಸ್ಥೆ ಮಾಡ್ಕೋಬಹುದು ಅಷ್ಟೇ. ಈ ಮಾತು ಈ ರೂಮ್ ದಾಟಲ್ಲ."

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ಮನುಷ್ಯ ಹೀಗೆ ಕೇಳಿದರೆ ಯಾರಾದರೂ ಮುಖ ನೋಡಿಕೊಂಡು ಸುಳ್ಳು ಹೇಳುತ್ತಾರಾ? ಹೇಳಿದೆ. ಸೆಲೆಕ್ಟ್ ಆಗಿದೆ, ಲೆಟರ್ ಬಂದಿಲ್ಲ, ಬಂದ ಮೇಲೆ ರಾಜೀನಾಮೆ ಮೇಲ್ ಕಳಿಸುತ್ತೇನೆ, ನೋಟಿಸ್ ಪೂರ್ತಿ ಮುಗಿಸಿಯೇ ಹೋಗುತ್ತೇನೆ. ಇಷ್ಟೂ ಹೇಳಿದೆ. ಲೆಟರ್ ಬಂದಿಲ್ಲ ಅನ್ನುವುದನ್ನು ಒತ್ತಿ ಹೇಳಿದೆ.

ಎದ್ದು ಕೈ ಕುಲುಕಿದರು. "ಒಳ್ಳೇದಾಗ್ಲಿ. ಎಷ್ಟು ಜನ ಹೀಗೆ ನೇರವಾಗಿ ಹೇಳ್ತಾರೆ ಹೇಳು? ಒಂದೇ ಒಂದು ಮಾತು, ಟೀಮಿಗೆ ಈಗ್ಲೇ ಹೇಳ್ಬೇಡ. ಟೈಮ್ ನೋಡಿ ನಾನೇ ಹೇಳ್ತೀನಿ." ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಮನೆಗೆ ಹೋಗಿ "ಎಂಥಾ ಒಳ್ಳೆ ಮ್ಯಾನೇಜರ್ ಗೊತ್ತಾ" ಅಂತ ಹೊಗಳಿದೆ. ಈಗ ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಆಮೇಲೆ ಸಣ್ಣ ಸಣ್ಣ ವಿಷಯಗಳು ಶುರುವಾದವು. ನನ್ನ ರಿವ್ಯೂ ಮೀಟಿಂಗ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಹೊಸ ಕೆಲಸ ಬೇರೆಯವರಿಗೆ ಹೋಯಿತು. "ಹ್ಯಾಂಡೋವರ್ ಡಾಕ್ಯುಮೆಂಟ್ ಸುಮ್ನೆ ಶುರು ಮಾಡಿಡು, ಅವಸರ ಏನಿಲ್ಲ" ಅಂದರು. ರಾತ್ರಿ ಕೂತು ಬರೆದೆ. ಯಾವ ಕ್ಲೈಂಟ್ ಯಾವುದಕ್ಕೆ ಸಿಟ್ಟಾಗುತ್ತಾನೆ ಅನ್ನುವುದರಿಂದ ಹಿಡಿದು ತಿಂಗಳ ಕೊನೆಯ ರಿಪೋರ್ಟ್‌ನಲ್ಲಿ ಯಾವ ಸಾಲು ಕೈಯಿಂದ ಸರಿ ಮಾಡಬೇಕು ಅನ್ನುವ ತನಕ ಎಲ್ಲಾ ಬರೆದುಕೊಟ್ಟೆ. ರಾಜೀನಾಮೆಯನ್ನೇ ಕೊಡದ ಮನುಷ್ಯ ಹ್ಯಾಂಡೋವರ್ ಬರೆಯುತ್ತಿದ್ದಾನೆ! ಅವರಿಗೆ ಎಷ್ಟು ನಗು ಬಂದಿರಬೇಕು.

ಗೊತ್ತಾಗಿದ್ದು ಒಂದು ಶೀಟ್‌ನಿಂದ. ಟೀಮಿನ ರಜೆ ನೋಡೋಕೆ ಅಂತ ನಾವೆಲ್ಲ ತೆರೆಯುವ ಗೂಗಲ್ ಶೀಟ್ ಅದು. ಕೆಳಗೆ ಹೊಸದೊಂದು ಟ್ಯಾಬ್ ಇತ್ತು. ಅಡಗಿಸಿಡೋದು ಮರೆತಿದ್ದರು ಅನ್ನಿಸುತ್ತೆ. ಅದರಲ್ಲಿ ನನ್ನ ಹೆಸರು. ಪಕ್ಕದ ಕಾಲಂನಲ್ಲಿ 'ಎಕ್ಸಿಟ್ ಕನ್ಫರ್ಮ್ಡ್', ಅಂದರೆ ಕೆಲಸ ಬಿಡುವುದು ಖಚಿತ. ಅದರ ಪಕ್ಕ ಬದಲಿ ಆಳಿನ ಹೆಸರು. ಅದರ ಪಕ್ಕ ಬೋನಸ್ ಕಾಲಂನಲ್ಲಿ ಸೊನ್ನೆ.

ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾರು ಯಾವಾಗ ಬದಲಿಸಿದರು ಅಂತ ತೋರಿಸುತ್ತದೆ. ಮಾಡಿದೆ. ನನ್ನ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡಿದ ಅದೇ ದಿನ, ಅದೇ ಮಧ್ಯಾಹ್ನ. ನಾನು ನನ್ನ ಸೀಟಿಗೆ ಬಂದು ಕೂತು ನೀರು ಕುಡಿಯುವಷ್ಟರಲ್ಲಿ ಅವರು ಅಲ್ಲಿ ಟೈಪ್ ಮಾಡಿ ಮುಗಿಸಿದ್ದರು. ಈ ರೂಮ್ ದಾಟಲ್ಲ ಅಂದಿದ್ದರಲ್ಲ, ರೂಮಿನಿಂದ ಹೊರಗೂ ಬರದೆ ಕೆಲಸ ಮುಗಿಸಿದ್ದರು. ಕಿವಿ ಮೇಲೆ ಹೂವಿಡುವುದು ಅಂದರೆ ಇದೇ. ಸುಮಾರು ಹೊತ್ತು ಆ ಸೆಲ್ ಅನ್ನೇ ನೋಡುತ್ತಾ ಕೂತಿದ್ದೆ. ಸಿಟ್ಟಿಗಿಂತ ಜಾಸ್ತಿ ನಾಚಿಕೆ ಆಯಿತು. ಆ ಶೀಟ್ ಟೀಮಿನವರೆಲ್ಲ ನೋಡಿರಬಹುದು ಅಲ್ವಾ?

ಚಾಟ್‌ನಲ್ಲಿ ಕೇಳಿದೆ. ಅವರ ಉತ್ತರಗಳನ್ನು ಇಲ್ಲಿ ಹಾಕುತ್ತೇನೆ, ನೀವೇ ನೋಡಿ.

"ಇದು ಪ್ಲಾನಿಂಗ್‌ಗೋಸ್ಕರ ಮಾಡಿದ ಶೀಟ್. ನೀವು ಪರ್ಸನಲ್ ಆಗಿ ತಗೋಬೇಡಿ."

ನಾನು ಇನ್ನೂ ರಾಜೀನಾಮೆ ಕೊಟ್ಟಿಲ್ಲವಲ್ಲ ಸರ್ ಅಂದೆ.

"ಹೋಗ್ತೀನಿ ಅಂತ ನೀವೇ ಹೇಳಿದ್ರಲ್ವಾ?"

ಬೋನಸ್ ಸೊನ್ನೆ ಯಾಕೆ ಸರ್ ಅಂದೆ. ಬೋನಸ್ ನಿಯಮದಲ್ಲಿ ಇದ್ದದ್ದು ಇಷ್ಟೇ: ಹಣ ಕೊಡುವ ದಿನ ನೀವು ಕೆಲಸದಲ್ಲಿ ಇರಬೇಕು, ನೋಟಿಸ್‌ನಲ್ಲಿ (ಅಂದರೆ ರಾಜೀನಾಮೆ ಕೊಟ್ಟು ಹೊರಡುವ ತನಕದ ದಿನಗಳಲ್ಲಿ) ಇರಬಾರದು. ತುಂಬಾ ಕಂಪನಿಗಳಲ್ಲಿ ಹೀಗೇ ಇರುತ್ತೆ. ನಾನು ನೋಟಿಸ್‌ನಲ್ಲಿ ಇರಲಿಲ್ಲ. ರಾಜೀನಾಮೆ ಮೇಲ್ ಕಳಿಸಿಯೇ ಇರಲಿಲ್ಲ.

"ಲಿಸ್ಟ್ ಲಾಕ್ ಆಗುವಾಗ ನಿಮ್ಮ ಹೆಸರು ಎಕ್ಸಿಟ್‌ನಲ್ಲಿತ್ತು. ನನ್ನ ಕೈಯಲ್ಲಿ ಏನೂ ಇಲ್ಲ."

ಎಕ್ಸಿಟ್‌ನಲ್ಲಿ ಹಾಕಿದ್ದು ಯಾರು? ಇವರೇ. ಲಾಕ್ ಆಯಿತು ಅಂತ ಕೈ ಚೆಲ್ಲಿದ್ದು ಯಾರು? ಇವರೇ.

ಎಚ್‌ಆರ್ ಹತ್ತಿರ ಹೋದೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ. "ನೀವು ಬಾಯಿಮಾತಲ್ಲಿ ತಿಳಿಸಿದ್ದೀರಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಒಂದು ಮೇಲ್ ಹಾಕಿಬಿಡಿ, ಫಾರ್ಮಾಲಿಟಿ ಅಷ್ಟೇ." ಅಲ್ಲಿ ಹೊಸ ಕಂಪನಿಯ ಲೆಟರ್ ಬಜೆಟ್ ಅಪ್ರೂವಲ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆಗ ಮೇಲ್ ಹಾಕಿದ್ದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹಾಕಲಿಲ್ಲ. ಹಾಕಲ್ಲ ಅಂದಾಗ "ಪ್ರೊಫೆಷನಲ್ ಆಗಿ ನಡ್ಕೊಳ್ಳಿ" ಅಂದರು. ನನಗೆ! ಬಾಗಿಲು ಹಾಕಿ ಬಾಯಿ ಬಿಡಿಸಿದವರು ಪ್ರೊಫೆಷನಲ್, ನಾನು ಅಲ್ಲ.

ಆ ದಿನಗಳು ಹೇಗಿದ್ದವು ಅಂತ ಕೇಳಬೇಡಿ. ಸೀಟ್ ಇದೆ, ಲಾಗಿನ್ ಇದೆ, ಕೆಲಸ ಇಲ್ಲ. ಬದಲಿಗೆ ಬಂದವರು ನನ್ನ ಡಾಕ್ಯುಮೆಂಟ್ ಓದಿಕೊಂಡು ನನ್ನ ಮುಂದೆಯೇ ನನ್ನ ಕೆಲಸ ಮಾಡುತ್ತಿದ್ದರು. ಪಾಪ, ಅವರದೇನೂ ಇಲ್ಲ.

ಕೊನೆಗೂ ಲೆಟರ್ ಬಂತು. ಸಹಿ ಹಾಕಿದೆ, ರಾಜೀನಾಮೆ ಮೇಲ್ ಕಳಿಸಿದೆ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಟೀಮಿಗೆ ಹೇಳಬೇಡ, ನಾನೇ ಹೇಳುತ್ತೇನೆ ಅಂದಿದ್ದರಲ್ಲ? ಹೇಳಿದರು. ನನ್ನನ್ನು ಕರೆಯದ ಮೀಟಿಂಗ್‌ನಲ್ಲಿ. "ಪರ್ಫಾರ್ಮೆನ್ಸ್ ಬಗ್ಗೆ ಕೆಲವು ದಿನದಿಂದ ಮಾತುಕತೆ ನಡೀತಿತ್ತು, ಇಬ್ಬರಿಗೂ ಇದೇ ಒಳ್ಳೇದು ಅಂತ ತೀರ್ಮಾನ ಆಯ್ತು" ಅಂದರಂತೆ. ನನಗೆ ಗೊತ್ತಾಗಿದ್ದು ಹೇಗೆ ಗೊತ್ತಾ? ಜೂನಿಯರ್ ಒಬ್ಬರು ಬಂದು ಸಮಾಧಾನ ಮಾಡಿದರು. "ಬೇಜಾರು ಮಾಡ್ಕೋಬೇಡಿ ಸರ್, ಬೇರೆ ಕಡೆ ಎಲ್ಲಾದ್ರೂ ಸಿಕ್ಕೇ ಸಿಗುತ್ತೆ." ನನಗೆ ಸಿಕ್ಕಾಗಿತ್ತು! ಇಲ್ಲಿಗಿಂತ ಒಳ್ಳೆ ಕೆಲಸ! ಆದರೆ ಆಗ ಎಷ್ಟು ಹೇಳಿದರೂ ಕಥೆ ಕಟ್ಟುತ್ತಿದ್ದೇನೆ ಅನ್ನುವ ಹಾಗೆ ಕೇಳಿಸುತ್ತಿತ್ತು. ಹತ್ತಿರದವರಿಗೆ ಇನ್ನೊಂದು ಬೇಜಾರು: "ಇಷ್ಟು ದಿನ ಪಕ್ಕದಲ್ಲೇ ಕೂತು ನಮಗೆ ಒಂದು ಮಾತು ಹೇಳ್ಲಿಲ್ಲ." ಅವರ ಮಾತಿನಲ್ಲಿ ಅರ್ಥ ಇದೆ. ಹೇಳಬಾರದವರಿಗೆ ಹೇಳುವ ಹಾಗೆ ಮಾಡಿ, ಹೇಳಬೇಕಾದವರಿಗೆ ಹೇಳದ ಹಾಗೆ ಮಾಡಿದರು. ಎರಡೂ ಒಬ್ಬರೇ ಮನುಷ್ಯ ಮಾಡಿದ್ದು.

ಎಲ್ಲರಿಗೂ ಒಂದು ಮೇಲ್ ಬರೆದು ಇಟ್ಟಿದ್ದೆ, ಕೊನೆಯ ದಿನ ಸಂಜೆ ಕಳಿಸೋಣ ಅಂತ. ಊಟದ ಹೊತ್ತಿಗೇ ಲಾಗಿನ್ ತೆಗೆದರು. ಮೇಲ್ ಡ್ರಾಫ್ಟ್‌ನಲ್ಲೇ ಉಳಿಯಿತು.

ಈಗ ಕೆಲವರು ಹೇಳುತ್ತಾರೆ, ಮೊದಲೇ ತಿಳಿಸುವುದು ಮರ್ಯಾದೆ ಅಲ್ವಾ ಅಂತ. ನೋಟಿಸ್ ಪೀರಿಯಡ್ ಇರುವುದು ಯಾತಕ್ಕೆ ಮತ್ತೆ? ಬದಲಿ ಹುಡುಕೋಕೆ, ಕೆಲಸ ಕಲಿಸೋಕೆ ಎಷ್ಟು ದಿನ ಬೇಕು ಅಂತ ಅವರೇ ಲೆಕ್ಕ ಹಾಕಿ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಮುಂಚೆ ಹೇಳುವುದು ಉಪಕಾರ, ಬಾಕಿ ಅಲ್ಲ. ಜನರನ್ನು ತೆಗೆಯುವಾಗ ಯಾವ ಕಂಪನಿ ಬಾಗಿಲು ಹಾಕಿಕೊಂಡು "ನಮ್ಮ ನಮ್ಮಲ್ಲೇ ಇರಲಿ, ಇನ್ನು ಸ್ವಲ್ಪ ದಿನದಲ್ಲಿ ನಿನ್ನನ್ನು ತೆಗೀತೀವಿ, ಬೇರೆ ಕಡೆ ನೋಡ್ಕೋ" ಅನ್ನುತ್ತದೆ ಹೇಳಿ?

ಸಹಿ ಆದ ಲೆಟರ್, ಅದರಲ್ಲಿ ಸಂಬಳ, ಸೇರುವ ದಿನಾಂಕ. ಇಷ್ಟೂ ಕೈಯಲ್ಲಿ ಇರುವ ತನಕ ಬಾಯಿ ಮುಚ್ಚಿಕೊಂಡಿರಿ. ಕೇಳಿದರೆ "ಸದ್ಯಕ್ಕೆ ಅಂಥದ್ದೇನಿಲ್ಲ ಸರ್" ಅನ್ನಿ, ಪಾಪ ಏನೂ ಬರಲ್ಲ. ಬೋನಸ್ ದಿನ ಹತ್ತಿರ ಇದ್ದರೆ ಅದು ಬ್ಯಾಂಕಿಗೆ ಬಿದ್ದ ಮೇಲೆ ಮೇಲ್ ಕಳಿಸಿ. ಬಾಯಿಮಾತು ಬೇಡವೇ ಬೇಡ, ಏನಿದ್ದರೂ ಮೇಲ್. ಮೇಲ್ ಕಳಿಸಿದ ಅದೇ ದಿನ ಟೀಮಿಗೆ ನೀವೇ ಹೇಳಿಬಿಡಿ, ಎಲ್ಲರಿಗೂ, ಜೋರಾಗಿ. "ನಾನೇ ಅನೌನ್ಸ್ ಮಾಡ್ತೀನಿ" ಅನ್ನುವವರ ಕೈಗೆ ಮಾತ್ರ ಅದನ್ನು ಕೊಡಬೇಡಿ. ಸಹೋದ್ಯೋಗಿಗಳ ಸ್ವಂತ ಫೋನ್ ನಂಬರ್ ಕೂಡ ಮುಂಚೆಯೇ ಇಟ್ಟುಕೊಳ್ಳಿ, ಲಾಗಿನ್ ಯಾವ ಗಳಿಗೆಯಲ್ಲಿ ಹೋಗುತ್ತೋ ಗೊತ್ತಿಲ್ಲ.

ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಬಂದಿದೆ. ಬೋನಸ್ ಬಂದಿಲ್ಲ. ನಾನು ರಾಜೀನಾಮೆ ಕೊಟ್ಟ ದಿನಾಂಕ, ಅವರು ಶೀಟ್‌ನಲ್ಲಿ ಎಕ್ಸಿಟ್ ಅಂತ ಬರೆದ ದಿನಾಂಕ, ಎರಡನ್ನೂ ಅಕ್ಕಪಕ್ಕ ಹಾಕಿ ಎಚ್‌ಆರ್‌ಗೆ ಮತ್ತೆ ಬರೆದಿದ್ದೇನೆ. "ಸಂಬಂಧಪಟ್ಟ ಟೀಮ್ ಜೊತೆ ಚೆಕ್ ಮಾಡಿ ತಿಳಿಸ್ತೀವಿ" ಅಂತ ಉತ್ತರ ಬಂದಿದೆ. ಆ ಸಂಬಂಧಪಟ್ಟ ಟೀಮ್ ಯಾರದ್ದು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?