ಡೈವಿಂಗ್ ರೆಗ್ಯುಲೇಟರ್ ಸರ್ವಿಸ್‌ಗೆ ಕೊಡೋರು ಇದನ್ನ ಓದ್ರಿ, ನಾ ಮೋಸ ಹೋಗೇನಿ

ರೊಕ್ಕ ಹೋತು, ಅದು ಬ್ಯಾರೆ ಮಾತು. ನೀರಾಗ ಜೀವಾನ ಹೋಗ್ತಿತ್ತು. ಅದಕ್ಕ ಬರ್ಯಾಕತ್ತೀನಿ.

ನಂದು ಬಾಗಲಕೋಟಿ. ಆಲಮಟ್ಟಿ ಹಿನ್ನೀರಾಗ ಇಳದು ಜಾಕ್‌ವೆಲ್ (ಪಂಪಿಗೆ ನೀರು ಎಳಕೊಳ್ಳೋ ಬಾವಿ) ಜಾಳಗಿಗೆ ಸಿಕ್ಕ ಕಸ ತಗಿಯೋದು ನನ್ನ ಕೆಲಸ. ಸಿಲಿಂಡರಿನ ವಾಲ್ವ್ ತಗದು ಇಟ್ರ ಸಾಕು, ಸ್ವಲ್ಪ ಹೊತ್ತಿಗೆ ರೆಗ್ಯುಲೇಟರ್, ಅಂದ್ರ ಸಿಲಿಂಡರಿನ ಗಾಳಿ ಒತ್ತಡ ಇಳಿಸಿ ಉಸಿರಿಗೆ ಕೊಡೋ ಸಾಧನ, ಅದರ ಬಾಯಿಂದ ತಾನ ಗಾಳಿ ಸುಸ್ ಅನ್ನಾಕತ್ತಿತ್ತು. ಡೈವಿಂಗ್ ಮಾಡೋರಿಗೆ ಗೊತ್ತಿರೋ ರೋಗ ಇದು. ಸಿಲಿಂಡರಿಗೆ ಹಚ್ಚೋ ಭಾಗಕ್ಕ ಫಸ್ಟ್ ಸ್ಟೇಜ್ ಅಂತಾರ, ಅದರಾಗ ಗಾಳಿ ತಡಿಯೋ ಸಣ್ಣ ಸಾಮಾನು, ಹೈ ಪ್ರೆಶರ್ ಸೀಟ್, ಸವದಿರತೈತಿ, ಸಿಲಿಂಡರಿನ 200 ಬಾರ್ ಒತ್ತಡ ಸಣ್ಣಗ ಈ ಕಡೆ ಸೋರಿ ನಡುವಿನ ಪೈಪಿನ ಒತ್ತಡ (ಇಂಟರ್‌ಮೀಡಿಯೇಟ್ ಪ್ರೆಶರ್) ಏರಕೋತ ಹೋಗತೈತಿ, ಕಡೀಕ ಬಾಯಾಗ ಹಿಡಿಯೋ ಸೆಕೆಂಡ್ ಸ್ಟೇಜ್ ತಡೀಲಾರದ ಬಿಟ್ಟಬಿಡತೈತಿ. ಸೀಟ್ ಬದಲಿಸಬೇಕು, ಆಮ್ಯಾಲ ಸ್ಕ್ರೂ ತಿರುವಿ ಆ ನಡುವಿನ ಪ್ರೆಶರ್ ಸೆಟ್ ಮಾಡಬೇಕು. ನಂದಕ್ಕ 9.5 ಬಾರ್.

ಬೆಳಗಾವ್ಯಾಗ ಒಬ್ಬಾವ ಮಾಡ್ತಾನ ಅಂದ್ರು. ಹೊಸಾ ಸಾಮಾನಿನ ಕಿಟ್ ಸೇರಿ 4,200 ರೂಪಾಯಿ ಕೊಟ್ಟೆ. ಇಸ್ಕೊಳ್ಳಾಕ ಹೋದಾಗ ಸಿಲಿಂಡರ್ ಹಚ್ಚಿ ತೋರಿಸಿದ, ಸುಸ್ ಅನ್ನಲಿಲ್ಲ. ಅರ್ಧ ನಿಮಿಷಕ್ಕ ಬಂದ್ ಮಾಡಿದ.

"ಹಳೇ ಸೀಟ್ ಎಲ್ಲೈತ್ರಿ?" ಅಂದೆ.

"ಅದನ್ನ ಯಾರ ಇಟ್ಕೋತಾರ್ರಿ ಸರ, ಒಗದ್ವಿ. ಎಲ್ಲಾ ಹೊಸಾದ ಹಾಕೇನಿ ನೋಡ್ರಿ."

ಅಲ್ಲೇ ತಿಳೀಬೇಕಿತ್ತು ನನಗ. ಹಳೇ ಸಾಮಾನು ಪ್ಲಾಸ್ಟಿಕ್ ಚೀಲದಾಗ ಹಾಕಿ ಕೈಯಾಗ ಕೊಡೋದು ಪದ್ಧತಿ. ಪ್ರೆಶರ್ ಅಳಿಯೋ ಗೇಜ್ ಸೈತ ಹಚ್ಚಿ ತೋರಿಸಲಿಲ್ಲ. ನಾ ಕೇಳಲೂ ಇಲ್ಲ. ಹದಿನೈದು ವರ್ಷ ನೀರಾಗ ಇಳದಾವ, ಕೇಳಲಿಲ್ಲ. ಊರಿಗೆ ಬಂದು ನನ್ನ ಹುಡುಗರ ಮುಂದ "ಕಡಿಮಿ ರೊಕ್ಕದಾಗ ಆತು" ಅಂತ ಬ್ಯಾರೆ ಹೇಳಿದೆ.

ಮರುವಾರ ಎಂಟು ಮೀಟರ್ ಆಳದಾಗ ಜಾಳಗಿ ಎಳೀಬೇಕಾದ್ರ ಉಸಿರು ಬರವಲ್ದು. ಎಳದ್ರ ಬರತೈತಿ, ಸಾಲವಲ್ದು. ಕೆಲಸ ಜೋರು ಮಾಡಿದಷ್ಟೂ ಬಿಗಿ ಆಗಾಕತ್ತು. ಬಿಟ್ಟು ಮ್ಯಾಲ ಬಂದೆ. ದಂಡಿ ಮ್ಯಾಲ ಇಟ್ಟು ಹತ್ತು ನಿಮಿಷ ಆಗಿಲ್ಲ, ಮತ್ತ ಅದ ಸುಸ್!

ಗೋವಾದಾಗ ಡೈವಿಂಗ್ ಮಾಡೋ ನಮ್ಮ ಮಾಮಾನ ಮಗ ಬಂದು ಗೇಜ್ ಹಚ್ಚಿದ. ಮುಳ್ಳು 7 ಬಾರಿಗೆ ನಿಂತು, ಅಲ್ಲಿಂದ ಮೆಲ್ಲಕ 8, 9, 11 ದಾಟಿತು. ಬಿಚ್ಚಿದ್ರ ಒಳಗ ಅದ ಹಳೇ ಸೀಟ್, ಉಂಗುರದಂಗ ಗೆರಿ ಕೊರದೈತಿ. ಏನೂ ಬದಲಿಸಿಲ್ಲ. ಏನೂ! ಸ್ಕ್ರೂ ಸಡಿಲ ಮಾಡಿ ಪ್ರೆಶರ್ ಇಳಿಸಿಟ್ಟಾನ, ಅಷ್ಟ. ಕೆಳಗಿಂದ ಏರಾಕ ಹೊತ್ತು ಹಿಡಿತೈತಿ, ಅಂಗಡ್ಯಾಗ ಸುಸ್ ಕೇಳೂದಿಲ್ಲ. ನೀರಾಗ ಇಳದಾವಗ ಮಾತ್ರ ಗಾಳಿ ಸಾಲೂದಿಲ್ಲ.

ಫೋನ್ ಹಚ್ಚಿದೆ.

"ಉಸಿರು ಬಂತಿಲ್ರಿ? ಬಂದಮ್ಯಾಲ ಏನ್ ತಕರಾರು?"

ಸೀಟ್ ಹಳೇದ ಐತಿ ಅಂದೆ. "ನೀವ ಬಿಚ್ಚೀರಿ, ಇನ್ನ ನನ್ನ ಜವಾಬ್ದಾರಿ ಅಲ್ರಿ." ರೊಕ್ಕ ವಾಪಸ್ ಕೊಡ್ರಿ ಅಂದ್ರ, "ಮಜೂರಿ ಆತಲ್ರಿ ಸರ, ಸ್ಕ್ರೂ ತಿರುವಿಲ್ಲೇನು?" ಹೌದು, ಸ್ಕ್ರೂ ತಿರುವ್ಯಾನ! ಅದನ್ನ ಬಾಯಿಬಿಟ್ಟು ಹೇಳಿದ!

ಪ್ರೆಶರ್ ತಾನ ಏರತಿದ್ರ ಸ್ಕ್ರೂ ಔಷಧ ಅಲ್ಲ, ಸೀಟ್ ಹೋಗೈತಿ ಅಂತ ತಿಳೀರಿ. ಜಾಕೆಟ್ಟಿಗೆ ಗಾಳಿ ತುಂಬೋ ಪೈಪಿಗೆ ಹಚ್ಚೋ ಸಣ್ಣ ಗೇಜ್ ಸಿಗತೈತಿ, ಒಂದು ಇಟ್ಕೋರಿ. ಎದುರಿಗೆ ಹಚ್ಚಿಸಿ ಹತ್ತು ಹದಿನೈದು ನಿಮಿಷ ನಿಂತು ನೋಡ್ರಿ, ಮುಳ್ಳು ಅಲುಗಬಾರದು. ಹಳೇ ಸೀಟ್ ಕೈಗೆ ಬರೂತನ ಒಂದು ರೂಪಾಯಿ ಕೊಡಬ್ಯಾಡ್ರಿ.

ಮೂರು ವಾರ ಆತು, ಆ ಮನುಷ್ಯ ಫೋನ್ ಎತ್ತವಲ್ಲ. ಗೆರಿ ಬಿದ್ದ ಸೀಟ್ ನನ್ನ ಹತ್ರ ಐತಿ, ನೋಡಬೇಕನ್ನೋರು ಬರ್ರಿ, ತೋರಸ್ತೀನಿ.