ತೇಗ, ಅಲ್ಯೂಮಿನಿಯಂ, ಯುಪಿವಿಸಿ: ಒಂದೇ ಪಡುವಣ ಗೋಡೆ, ಮೂರು ಕಿಟಕಿ

ಮೈಸೂರಿನ ವಿಜಯನಗರದಲ್ಲಿರುವ ನಮ್ಮ ಮನೆಗೆ ಪಶ್ಚಿಮದ ಕಡೆ ರಸ್ತೆ. ಆ ಗೋಡೆಯಲ್ಲಿ ಮೂರು ಕಿಟಕಿಗಳಿವೆ. ಮೂರೂ 4 ಅಡಿಗೆ 4 ಅಡಿ, ಮೂರೂ ಬೇರೆ ಬೇರೆ ಜಾತಿ. ಕೆಳಗಿನ ಹಾಲ್‌ನದು ತೇಗ, 2012ರಲ್ಲಿ ಮನೆ ಕಟ್ಟಿದಾಗ ಹಾಕಿಸಿದ್ದು. ಮಹಡಿ ಮೇಲೆ ನಮ್ಮ ಕೋಣೆಯದು ಕಂದು ಬಣ್ಣದ ಅಲ್ಯೂಮಿನಿಯಂ ಸ್ಲೈಡಿಂಗ್, 2018. ಪಕ್ಕದ ಮಗಳ ಕೋಣೆಯದು ಬಿಳಿ ಯುಪಿವಿಸಿ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್, 2021. ಹೋಲಿಸಿ ನೋಡೋಣ ಅಂತ ಮಾಡಿದ್ದೇನೂ ಅಲ್ಲ. ಆಯಾ ಹೊತ್ತಿಗೆ ಕೈಯಲ್ಲಿ ಎಷ್ಟು ಕಾಸಿತ್ತೋ ಅಷ್ಟರ ಕಿಟಕಿ ಬಂತು, ಅಷ್ಟೇ. ಈಗ ಟೆರೇಸ್ ಮೇಲೆ ಇನ್ನೊಂದು ಕೋಣೆ ಏಳುತ್ತಿದೆ. ಮೇಸ್ತ್ರಿ ದಿನಾ ಕೇಳುತ್ತಿದ್ದಾರೆ, "ಕಿಟಕಿ ಯಾವುದು ಅಂತ ಹೇಳಿಬಿಡಿ ಅಮ್ಮ, ಲಿಂಟಲ್ ಮಟ್ಟ ಬಂದಾಯ್ತು."

ಮೊದಲು ಬಿಸಿಲಿನ ವಿಷಯ. ಮನೆ ಕಟ್ಟುವಾಗ ಎಲ್ಲರೂ ನಮ್ಮನ್ನು ಹೆದರಿಸಿದ್ದು ದಕ್ಷಿಣದ ಬಿಸಿಲಿನ ಬಗ್ಗೆ. ಅದು ನಮ್ಮ ಕಡೆಗೆ ಸರಿಹೊಂದುವ ಮಾತಲ್ಲ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 23ರ ಆಸುಪಾಸಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಮೇಲೆ ಆಗಸ್ಟ್‌ವರೆಗೂ ಮಧ್ಯಾಹ್ನದ ಹೊತ್ತು ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಸುಡುವ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಗೆ ಒಂದೂವರೆ ಅಡಿ ಸಜ್ಜ ಇದ್ದರೆ ಧಾರಾಳ ಸಾಕು. ಕಾಟ ಕೊಡುವುದು ಪಶ್ಚಿಮ. ಮೂರೂವರೆ ಆಯಿತೆಂದರೆ ಬಿಸಿಲು ಸಜ್ಜದ ಕೆಳಗಿನಿಂದ ನುಗ್ಗಿ ನೇರ ಹಾಸಿಗೆ ಮೇಲೆ ಕೂರುತ್ತದೆ.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯ ಒಂದು ದಿನ ನನಗೆ ಹುಚ್ಚು ಹಿಡಿಯಿತು. ಕೊರೊನಾ ಕಾಲದಲ್ಲಿ ತಂದಿದ್ದ ಹಣೆ ಜ್ವರ ನೋಡುವ ಗನ್ ಹಿಡಿದು ಅಲ್ಯೂಮಿನಿಯಂ ಚೌಕಟ್ಟಿನ ಜ್ವರ ನೋಡಿದೆ. ಅದು ಬರೀ 'ಹೈ' ಅಂತ ತೋರಿಸಿ ಸುಮ್ಮನಾಯಿತು. ಮನುಷ್ಯರ ಜ್ವರಕ್ಕೆ ಮಾಡಿದ್ದು, ಪಾಪ. ಆಮೇಲೆ ಎಸಿ ರಿಪೇರಿ ಮಾಡುವ ಪಕ್ಕದ ಬೀದಿಯ ಹುಡುಗನ ಹತ್ತಿರ ಅವನ ಗನ್ ಕೇಳಿ ತಂದೆ. ಸಂಜೆ ನಾಲ್ಕೂವರೆ, ಹೊರಗೆ 36 ಡಿಗ್ರಿ. ಚೌಕಟ್ಟುಗಳ ಒಳಮೈ ಅಲ್ಯೂಮಿನಿಯಂದು 46, ಯುಪಿವಿಸಿಯದು 39, ತೇಗದ್ದು 38.

ಅಲ್ಲಿಗೇ ನಿಲ್ಲಿಸಿದ್ದರೆ ಅಲ್ಯೂಮಿನಿಯಂ ಫೇಲ್ ಅಂತ ಬರೆದು ಮುಗಿಸಬಹುದಿತ್ತು. ಆದರೆ ಸುಮ್ನೆ ಗಾಜಿಗೂ ಗನ್ ಹಿಡಿದೆ. ಮೂರು ಕಿಟಕಿಯ ಗಾಜೂ 42, 43. ಮೂರರಲ್ಲೂ ಇರುವುದು 5 ಮಿಲಿಮೀಟರ್‌ನ ಮಾಮೂಲಿ ಗಾಜು. ಕಿಟಕಿಯಲ್ಲಿ ಚೌಕಟ್ಟು ಎಷ್ಟಿರುತ್ತದೆ? ನಾಲ್ಕರಲ್ಲೊಂದೋ ಐದರಲ್ಲೊಂದೋ ಪಾಲು. ಉಳಿದದ್ದೆಲ್ಲ ಗಾಜೇ ಅಲ್ವಾ? ನಾವು ಮಾತ್ರ ತಿಂಗಳುಗಟ್ಟಲೆ ಚೌಕಟ್ಟಿನ ಬಗ್ಗೆ ಜಗಳ ಆಡುತ್ತೇವೆ, ಗಾಜು ಯಾವುದು ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತೂ ಒಪ್ಪಿಕೊಳ್ಳಬೇಕು. ನನ್ನ ಪರೀಕ್ಷೆ ಪೂರ್ತಿ ನ್ಯಾಯದ್ದಲ್ಲ. ಅಲ್ಯೂಮಿನಿಯಂ ಕಡು ಕಂದು, ಯುಪಿವಿಸಿ ಬಿಳಿ. ಗಾಢ ಬಣ್ಣ ಬಿಸಿಲನ್ನು ಜಾಸ್ತಿ ಕುಡಿಯುತ್ತದೆ. ಬಿಳಿ ಪೌಡರ್ ಕೋಟಿಂಗ್ ಹಾಕಿಸಿದ್ದರೆ ಒಂದಿಷ್ಟು ಡಿಗ್ರಿ ಕಡಿಮೆ ಇರುತ್ತಿತ್ತು. ಆದರೂ ಲೋಹದ ಗುಣ ಎಲ್ಲಿಗೆ ಹೋಗುತ್ತದೆ? ಅಲ್ಯೂಮಿನಿಯಂ ಯುಪಿವಿಸಿಗಿಂತ ಸುಮಾರು ಸಾವಿರ ಪಟ್ಟು ಸುಲಭವಾಗಿ ಶಾಖ ದಾಟಿಸುತ್ತದೆ. ಹೊರಗಿನ ಬಿಸಿ ಒಳಗೆ ಬರಲು ಅದಕ್ಕೆ ಹೊತ್ತೇ ಬೇಡ. ಒಳಭಾಗ ಹೊರಭಾಗದ ನಡುವೆ ಪಾಲಿಅಮೈಡ್ (ನೈಲಾನ್ ಜಾತಿಯ ಪ್ಲಾಸ್ಟಿಕ್) ಪಟ್ಟಿ ಇಟ್ಟು ಶಾಖ ತಡೆಯುವ ಅಲ್ಯೂಮಿನಿಯಂ ಕೂಡ ಬರುತ್ತದೆ. ನನಗೆ ಬಂದ ಕೊಟೇಶನ್‌ನಲ್ಲಿ ಅದು ಯುಪಿವಿಸಿಯನ್ನೂ ಮೀರಿತ್ತು, ಅಲ್ಲಿಗೇ ಬಿಟ್ಟೆ.

ಹಾಗಂತ ಅಲ್ಯೂಮಿನಿಯಂ ಬಗ್ಗೆ ನನಗೆ ಕೋಪ ಇಲ್ಲ. ತುಕ್ಕಿಲ್ಲ, ಗೆದ್ದಲಿಲ್ಲ, ಇಷ್ಟು ವರ್ಷದಲ್ಲಿ ಒಂದು ಸಾರಿ ರೋಲರ್ ಬದಲಾಯಿಸಿದ್ದು ಬಿಟ್ಟರೆ ಖರ್ಚಿಲ್ಲ. ಚೌಕಟ್ಟು ತೆಳ್ಳಗಿರುವುದರಿಂದ ಬೆಳಕೂ ಚೆನ್ನಾಗಿ ಬರುತ್ತದೆ. ನನ್ನ ತಕರಾರು ಅದರ ಸ್ಲೈಡಿಂಗ್ ಬಗ್ಗೆ. ಭರಣಿ ಮಳೆ ಗಾಳಿ ಸಮೇತ ಬಂದು ಹೊಡೆದಾಗ ಕೆಳಗಿನ ಟ್ರ್ಯಾಕ್ ತುಂಬಿ ನೀರು ಗೋಡೆ ಮೇಲೆ ಇಳಿಯಿತು. ನೀರು ಆಚೆ ಹೋಗಲೆಂದು ಟ್ರ್ಯಾಕ್‌ನಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮದರಲ್ಲಿ ಅವು ಸಿಮೆಂಟ್ ಮೆತ್ತಿಕೊಂಡು ಮುಚ್ಚಿಹೋಗಿದ್ದವು. ಗಾರೆಯವರು ಫಿನಿಶಿಂಗ್ ಮಾಡುವಾಗ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಪಿನ್ನು ಹಾಕಿ ಚುಚ್ಚಿ ತೆಗೆದ ಮೇಲೆ ಸರಿಹೋಯಿತು.

ಅದಕ್ಕಿಂತ ದೊಡ್ಡ ತಕರಾರು ಗಾಳಿಯದು. ಈ ಬರಹದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ನಮ್ಮದು ಬಳ್ಳಾರಿ, ರಾಯಚೂರಿನ ಸೆಕೆ ಅಲ್ಲ. ಇಲ್ಲಿ ಏಪ್ರಿಲ್‌ನಲ್ಲೂ ರಾತ್ರಿ 22 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಏಳೂವರೆ, ಎಂಟಕ್ಕೆ ತಣ್ಣನೆ ಗಾಳಿ ಶುರುವಾಗುತ್ತದೆ. ಹಗಲೆಲ್ಲ ಗೋಡೆ ಕುಡಿದ ಕಾವನ್ನು ಆಗ ಹೊರಗೆ ಹಾಕಬೇಕು. ಅದಕ್ಕೆ ಕಿಟಕಿ ಪೂರ್ತಿ ತೆರೆಯಬೇಕು. 4 ಅಡಿಗೆ 4 ಅಡಿಯ ಸ್ಲೈಡಿಂಗ್ ಕಿಟಕಿಯಲ್ಲಿ ಯಾವತ್ತೂ ತೆರೆಯುವುದು ಅರ್ಧ, 8 ಚದರ ಅಡಿ. ದುಡ್ಡು ಕೊಟ್ಟಿದ್ದು 16ಕ್ಕೆ! ಹಾಲ್‌ನ ತೇಗದ ಕಿಟಕಿಗೆ ಎರಡು ಬಾಗಿಲು, ಎರಡನ್ನೂ ಹೊರಕ್ಕೆ ತಳ್ಳಿ ಕೊಂಡಿ ಸಿಕ್ಕಿಸಿದರೆ ಮುಗೀತು. ರಾತ್ರಿ ಒಂಬತ್ತಕ್ಕೆ ಹಾಲ್‌ನಲ್ಲಿ ಫ್ಯಾನ್ ಎರಡರಲ್ಲಿ ಸಾಕು, ಮೇಲಿನ ಕೋಣೆಯಲ್ಲಿ ಐದಕ್ಕೆ ಇಟ್ಟರೂ ಬಿಸಿಗಾಳಿ. ಮೇಲಿನದಕ್ಕೆ ತಾರಸಿಯ ಕಾವೂ ಸೇರುತ್ತದೆ ಅನ್ನುವುದು ನಿಜ. ಆದರೆ ಮಗಳ ಕೋಣೆಗೂ ಅದೇ ತಾರಸಿ. ಅವಳ ಯುಪಿವಿಸಿ ಸ್ಲೈಡಿಂಗ್ ಅಲ್ಲ, ತೆರೆಯುವ ಬಾಗಿಲಿನದು. ಅವಳ ಕೋಣೆ ನಮ್ಮದಕ್ಕಿಂತ ಬೇಗ ತಣಿಯುತ್ತದೆ. ಈಗ ಬೇಸಿಗೆಯಲ್ಲಿ ನಾವೇ ಅಲ್ಲಿ ಹೋಗಿ ಚಾಪೆ ಹಾಸುತ್ತೇವೆ.

ಯುಪಿವಿಸಿ ಅಂದರೆ ಪ್ಲಾಸ್ಟಿಕ್ಕೇ ತಾನೆ ಅಂತ ನಮ್ಮ ಅವ್ವ ಮೂಗು ಮುರಿದಿದ್ದರು. "ಬಿಸಿಲಿಗೆ ಬಕೆಟ್ ಇಟ್ರೆ ಪುಡಿಪುಡಿ ಆಗೋಯ್ತದೆ, ಕಿಟಕಿ ಇಡ್ತೀಯಾ?" ನ್ಯಾಯವಾದ ಪ್ರಶ್ನೆ. ಒಳ್ಳೆಯ ಯುಪಿವಿಸಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆರೆಸಿರುತ್ತಾರೆ, ಬಿಸಿಲಿನ ನೇರಳಾತೀತ ಕಿರಣ ತಡೆಯಲು. ಅಗ್ಗದ್ದರಲ್ಲಿ ಅದು ಕಡಿಮೆ, ಕೆಲವೇ ವರ್ಷಕ್ಕೆ ಹಳದಿ ತಿರುಗುತ್ತದೆ. ನಮ್ಮದು ಇನ್ನೂ ಬೆಳ್ಳಗಿದೆ. ನಮಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಯುಪಿವಿಸಿ ಮೆದು ಸಾಮಾನು, ಅದರ ಟೊಳ್ಳಿನೊಳಗೆ ಜಿಐ (ಸತು ಲೇಪಿಸಿದ) ಸ್ಟೀಲ್ ಪಟ್ಟಿ ತೂರಿಸಿದರೆ ಮಾತ್ರ ಗಟ್ಟಿ ನಿಲ್ಲುತ್ತದೆ. ನಮಗೆ ಮಾಡಿಕೊಟ್ಟವರು ಚೌಕಟ್ಟಿಗೆ ಸ್ಟೀಲ್ ಹಾಕಿ ಬಾಗಿಲುಗಳಿಗೆ ಹಾಕದೆ ಬಿಟ್ಟಿದ್ದರು. ಎರಡನೇ ಬೇಸಿಗೆಗೆ ಒಂದು ಬಾಗಿಲು ಜೋತುಬಿದ್ದು ಚಿಲಕವೇ ಕೂರದಾಯಿತು. ಆರು ಸಾರಿ ಫೋನ್ ಮಾಡಿದ ಮೇಲೆ ಬಂದು ಬದಲಾಯಿಸಿಕೊಟ್ಟರು. ನೀವು ತಗೊಳ್ಳುವಾಗ ಹಳೆ ಸ್ಪೀಕರ್‌ನ ಅಯಸ್ಕಾಂತ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಗಿಲಿಗೆ ಹಿಡಿದರೆ ಒಳಗೆ ಸ್ಟೀಲ್ ಇದೆಯೋ ಇಲ್ಲವೋ ಅದೇ ಹೇಳುತ್ತದೆ.

ಯುಪಿವಿಸಿ ಹಿಗ್ಗುವುದೂ ಜಾಸ್ತಿ. 4 ಅಡಿಯ ಚೌಕಟ್ಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅಲ್ಯೂಮಿನಿಯಂ ಅದರ ಅರ್ಧದಷ್ಟೂ ಇಲ್ಲ. ಅದಕ್ಕೇ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಸಿಲಿಕೋನ್ ತುಂಬಬೇಕು. ಸಿಮೆಂಟ್ ಹಾಕಿ ಬಿಗಿಯಬಾರದು. ಕಪ್ಪು, ಮರದ ಬಣ್ಣದ ಯುಪಿವಿಸಿ ನೋಡಲು ಚಂದವೇ. ಪಶ್ಚಿಮಕ್ಕೆ ಮಾತ್ರ ನಾನು ಹಾಕಿಸೆನು, ಬಿಳಿಯೇ ಇರಲಿ. ಯುಪಿವಿಸಿಯ ಇನ್ನೊಂದು ಲಾಭ ನನಗೆ ಗೊತ್ತಾಗಿದ್ದು ಮದುವೆ ಸೀಸನ್‌ನಲ್ಲಿ. ಬೀದಿ ತುದಿಯ ಕಲ್ಯಾಣ ಮಂಟಪದ ವಾಲಗ ಮಗಳ ಕೋಣೆಗೆ ಅರ್ಧವೂ ಕೇಳಿಸುವುದಿಲ್ಲ. ರಬ್ಬರ್ ಪಟ್ಟಿ ಅಷ್ಟು ಬಿಗಿ.

ಇನ್ನು ಮರ. ತೇಗಕ್ಕೆ ನಾನು ಸೋತಿದ್ದೇನೆ, ಮುಚ್ಚಿಡುವುದೇಕೆ? ಆದರೆ ಅದು ಕೆಲಸ ಕೇಳುತ್ತದೆ. ಪಶ್ಚಿಮದ ಬಿಸಿಲಿಗೆ ಪಾಲಿಶ್ ಎರಡು ವರ್ಷ ತಡೆದರೆ ಹೆಚ್ಚು, ಆಮೇಲೆ ಸಿಪ್ಪೆ ಏಳುತ್ತದೆ. ಜುಲೈ, ಆಗಸ್ಟ್‌ನ ಜಡಿಮಳೆಗೆ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ. ಮೊದಲ ವರ್ಷ ನಾನು ಗಾಬರಿಯಾಗಿ ಹೆರೆದುಕೊಡಿ ಅಂದೆ. ನಮ್ಮ ಆಚಾರ್ರು ಒಪ್ಪಲಿಲ್ಲ. "ಮಳೆಗಾಲದಲ್ಲಿ ಹೆರೆದ್ರೆ ಬೇಸಿಗೇಲಿ ಸಂದಿನಿಂದ ಹಲ್ಲಿ ಬರುತ್ತಮ್ಮ. ಮೇಣದ ಬತ್ತಿ ಉಜ್ಜಿ, ದಸರಾ ಕಳೀಲಿ." ದಸರಾ ಕಳೆಯಿತು, ಬಾಗಿಲು ತಾನೇ ಸಡಿಲ ಆಯಿತು. ತೇಗದ ಹೆಸರಿಗಿಂತ ಚೇಗು (ಮರದ ನಡುವಿನ ಬಲಿತ ಗಟ್ಟಿ ಭಾಗ) ನೋಡಿ ತಗೊಳ್ಳಿ ಅನ್ನುವುದೂ ಅವರದೇ ಮಾತು. ಬಿಳಿಭಾಗ ಜಾಸ್ತಿ ಇರುವ ಎಳೆ ತೇಗಕ್ಕಿಂತ ಬಲಿತ ಹೊನ್ನೆಯೇ ವಾಸಿ.

ಗೆದ್ದಲ ಕತೆ ನಮ್ಮ ತವರಿನದು. ಮಂಡ್ಯದ ಹತ್ತಿರ ವಿಸಿ (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಊರು, ನಾಲೆಯಲ್ಲಿ ನೀರು ಬಿಟ್ಟರೆ ನೆಲವೆಲ್ಲ ತೇವ. ಅಲ್ಲಿ ಮತ್ತಿಮರದ ಹಿತ್ತಲ ಬಾಗಿಲ ಚೌಕಟ್ಟನ್ನು ಗೆದ್ದಲು ಬುಡದಿಂದ ಒಂದಡಿ ತಿಂದು ಹಾಕಿತ್ತು. ಪಕ್ಕದ ಕೋಣೆಯ ಬೇವಿನ ಕಿಟಕಿಗೆ ಏನೂ ಆಗಿರಲಿಲ್ಲ. ಈಗ ಆ ಬಾಗಿಲಿಗೆ ಸಿಮೆಂಟ್ ಚೌಕಟ್ಟು ನಿಲ್ಲಿಸಿದ್ದಾರೆ. ನೋಡಲು ಪಂಪ್‌ಹೌಸ್ ಥರ ಇದೆ. ಗಟ್ಟಿಯಾಗಿದೆ, ಹೋಗಲಿ.

ಕಬ್ಬಿಣದ ಕಿಟಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಂತ ಮನೆಗೆ ಮುಂಚೆ ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ಹಳೆ ಕಾಲದವು ಇದ್ದವು. ಪೂರ್ತಿ ತೆರೆಯುತ್ತಿದ್ದವು, ಅದೊಂದು ಪುಣ್ಯ. ಕೆಳಗಿನ ಅಂಚು ತುಕ್ಕು ಹಿಡಿದು ಪುಟ್ಟಿ ಉದುರಿ ಗಾಜು ಗಡಗಡ ಅನ್ನುತ್ತಿತ್ತು.

ಬಾಗಿಲಿನ ಲೆಕ್ಕ ಬೇರೆ. ಮುಂಬಾಗಿಲಿಗೆ ಮರ ಬಿಟ್ಟು ಬೇರೆ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಬೇಕು, ಯುಗಾದಿಗೆ ಮಾವಿನ ತೋರಣಕ್ಕೆ ಮೊಳೆ ಹೊಡೀಬೇಕು, ಯುಪಿವಿಸಿಗೆ ಮೊಳೆ ಹೊಡೆಯಲು ಆಗುತ್ತದಾ? ಬಚ್ಚಲಿಗೆ ಮಾತ್ರ ಮರ ಬೇಡವೇ ಬೇಡ. ಮೊದಲು ಹಾಕಿದ ಫ್ಲಶ್ ಡೋರ್ ನಾಲ್ಕು ವರ್ಷಕ್ಕೆ ಬುಡ ಕೊಳೆಯಿತು. ಆಮೇಲಿನ ಪಿವಿಸಿ ಬಾಗಿಲಿನ ಸ್ಕ್ರೂಗಳು ಕಿತ್ತುಬಂದವು. ಈಗ ಗ್ರಾನೈಟ್ ಚೌಕಟ್ಟಿಗೆ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಬಾಗಿಲು, ನೆಮ್ಮದಿ. ಟೆರೇಸ್‌ಗೆ ಕಬ್ಬಿಣದ ತಗಡಿನ ಬಾಗಿಲು ಹಾಕಿಸಿದ್ದು ನನ್ನದೇ ಪೆದ್ದತನ. ಏಪ್ರಿಲ್ ಮಧ್ಯಾಹ್ನ ಬಟ್ಟೆ ತೆಗೆಯಲು ಹೋಗುವಾಗ ಸೆರಗು ಸುತ್ತಿಕೊಂಡೇ ಚಿಲಕ ಮುಟ್ಟಬೇಕು.

ದುಡ್ಡು? ಹೊಸ ಕೋಣೆಗೆ ಈಗ ತರಿಸಿದ ಕೊಟೇಶನ್‌ಗಳಲ್ಲಿ ಅಲ್ಯೂಮಿನಿಯಂ ಎಲ್ಲಕ್ಕಿಂತ ಅಗ್ಗ, ಯುಪಿವಿಸಿ ಅದರ ಒಂದೂವರೆ ಪಟ್ಟು, ಒಳ್ಳೆ ತೇಗ ಮೂರು ಪಟ್ಟಿನ ಹತ್ತಿರ. ತೇಗಕ್ಕೆ ಪಾಲಿಶ್ ಖರ್ಚು ಬೇರೆ. ಡಬಲ್ ಗಾಜಿನ ಬೆಲೆಯನ್ನೂ ಕೇಳಿದೆ. ಎಸಿ ಹಾಕಿಕೊಂಡು ಮುಚ್ಚಿ ಮಲಗುವವರಿಗೆ ಅದು ಸರಿ. ರಾತ್ರಿಯೆಲ್ಲ ತೆರೆದಿಡುವ ಕಿಟಕಿಗೆ ಎರಡು ಪದರ ಯಾಕೆ?

ಅದರ ಬದಲು ಕಳೆದ ಬೇಸಿಗೆಯಲ್ಲಿ ಅಲ್ಯೂಮಿನಿಯಂ ಕಿಟಕಿಯ ಹೊರಗೆ, ಸಜ್ಜದ ತುದಿಯಿಂದ ಒಂದು ಬಿದಿರಿನ ಚಿಕ್ (ಕಡ್ಡಿ ಪರದೆ) ಇಳಿಬಿಟ್ಟೆ. ಮತ್ತೆ ಆ ಹುಡುಗನ ಗನ್ ತಂದೆ. ಅದೇ ನಾಲ್ಕೂವರೆ, ಅಂಥದ್ದೇ ಬಿಸಿಲು. ಗಾಜು 36, ಚೌಕಟ್ಟು 37. ಒಳಗಿನ ಪರದೆಯಿಂದ ಈ ಕೆಲಸ ಆಗದು, ಗಾಜು ದಾಟಿ ಬಂದ ಬಿಸಿಲು ಒಳಗೆ ಬಂದಂತೆಯೇ. ಮೂರು ಕಿಟಕಿ, ಇಷ್ಟೆಲ್ಲ ದುಡ್ಡು ಆದಮೇಲೆ ಸೆಕೆ ತಡೆದಿದ್ದು ಒಂದು ಚಿಕ್ ಅಂದರೆ ಮನೆಯವರು ಇನ್ನೂ ನಗುತ್ತಾರೆ.

ಹಾಗಾಗಿ ಮೇಸ್ತ್ರಿಗೆ ಹೇಳಿಬಿಟ್ಟಿದ್ದೇನೆ. ಹೊಸ ಕೋಣೆಯ ಪಶ್ಚಿಮಕ್ಕೆ ಬಿಳಿ ಯುಪಿವಿಸಿ, ಎರಡು ಬಾಗಿಲೂ ಹೊರಗೆ ತೆರೆಯುವಂಥದ್ದು, ಒಳಗೆ ಸೊಳ್ಳೆ ಮೆಶ್. ಒಂದೊಂದು ಬಾಗಿಲೂ 2 ಅಡಿ ಅಗಲ, ಚಿಕ್‌ಗೆ ತಾಗಬಾರದಲ್ಲ, ಅದಕ್ಕೆ ಸಜ್ಜ ಎರಡೂವರೆ ಅಡಿ. ಪೂರ್ವಕ್ಕೆ ತವರಿನ ಆ ಬೇವಿನ ಕಿಟಕಿ. ಅಲ್ಲಿ ಗೋಡೆ ಒಡೆಯುತ್ತಿದ್ದಾರೆ, ತಗೊಂಡು ಹೋಗು ಅಂದಿದ್ದಾರೆ ಅವ್ವ. ಯುಪಿವಿಸಿಯವರು ಅಳತೆಗೆ ಬಂದಾಗ ಮತ್ತೆ ಅದೇ ಕೇಳಿದರು, "ಸ್ಲೈಡಿಂಗ್ ಹಾಕಿಸಿ ಮೇಡಂ, ಈಗ ಎಲ್ಲಾರೂ ಅದೇ ಹಾಕ್ಸೋದು." ಕಾಫಿ ಕೊಟ್ಟು, ಅಯಸ್ಕಾಂತ ತೆಗೆದು ಟೇಬಲ್ ಮೇಲಿಟ್ಟೆ.