ಐಬಿಎಂ ಲಿನಕ್ಸ್‌ಒನ್ ಮತ್ತು ಅಗ್ಗದ ಸರ್ವರ್: ದುಡ್ಡು ನಿಜವಾಗಿ ಹೋಗುವುದು ಎಲ್ಲಿಗೆ?

ಲಿನಕ್ಸ್‌ಒನ್ 2015ರಲ್ಲಿ ಬಂತು. ಒಳಗಿರುವುದು ಪಕ್ಕಾ ಮೇನ್‌ಫ್ರೇಮ್, ಅಂದರೆ ಬ್ಯಾಂಕಿನಂಥವರು ಬಳಸುವ ದೊಡ್ಡ ಯಂತ್ರ; ಓಡುವುದು ಮಾತ್ರ ಲಿನಕ್ಸ್. ಕೊಟೇಶನ್ ನೋಡಿದ ಕೂಡಲೇ, ಇಷ್ಟು ದುಡ್ಡಿಗೆ ಒಂದು ಹಾಲ್ ತುಂಬ ಇಂಟೆಲ್ ಸರ್ವರ್ ಬರುತ್ತವೆ ಅಂತ ಫೈಲ್ ಮುಚ್ಚುವವರೇ ಜಾಸ್ತಿ. ಸರ್ವರ್ ಬರುತ್ತವೆ, ನಿಜ. ಅದರ ಮೇಲೆ ಹಾಕುವ ಸಾಫ್ಟ್‌ವೇರ್?

ಒರಾಕಲ್ ಡೇಟಾಬೇಸನ್ನೇ ತೆಗೆದುಕೊಳ್ಳಿ. ಎಂಟರ್‌ಪ್ರೈಸ್ ಎಡಿಷನ್ನಿನ ಪಟ್ಟಿ ಬೆಲೆ ಒಂದು ಪ್ರೊಸೆಸರ್ ಲೈಸೆನ್ಸಿಗೆ 47,500 ಡಾಲರ್, ಜೊತೆಗೆ ವರ್ಷಕ್ಕೆ ಶೇ. 22 ಸಪೋರ್ಟ್. ಚಿಪ್ಪಿನೊಳಗೆ ಕೆಲಸ ಮಾಡುವ ಒಂದೊಂದು ಘಟಕವೇ ಕೋರ್; ಇಂಟೆಲ್ ಕೋರಿಗೆ ಅರ್ಧ ಲೈಸೆನ್ಸ್ ಲೆಕ್ಕ. 64 ಕೋರಿನ ಒಂದು ಸರ್ವರಿಗೆ 32 ಲೈಸೆನ್ಸ್, ಅಂದರೆ 15,20,000 ಡಾಲರ್. ಪಟ್ಟಿ ಬೆಲೆ ಯಾರೂ ಪೂರ್ತಿ ಕೊಡುವುದಿಲ್ಲ, ಒಳ್ಳೆ ಡಿಸ್ಕೌಂಟ್ ಸಿಗುತ್ತದೆ. ಆದರೂ ಸರ್ವರಿನ ಬೆಲೆ ಇದರ ಮುಂದೆ ಎಲ್ಲಿ ನಿಲ್ಲುತ್ತದೆ?

ಮೇನ್‌ಫ್ರೇಮ್ ಮಾರುವವರು ಇಲ್ಲಿಂದಲೇ ಶುರು ಮಾಡುತ್ತಾರೆ. ಇಂಥ ಹತ್ತು ಸರ್ವರ್ ಇವೆ, ಎಲ್ಲವೂ ಶೇ. 10ರಷ್ಟು ಮಾತ್ರ ಕೆಲಸ ಮಾಡುತ್ತಿವೆ ಅಂದುಕೊಳ್ಳಿ. ನಿಜವಾಗಿ ನಡೆಯುತ್ತಿರುವುದು 64 ಕೋರಿನ ಕೆಲಸ, ದುಡ್ಡು ಕಟ್ಟಿರುವುದು 640 ಕೋರಿನ 320 ಲೈಸೆನ್ಸಿಗೆ. ಮೇನ್‌ಫ್ರೇಮಿನ ಲಿನಕ್ಸ್ ಕೋರಿಗೆ ಐಎಫ್‌ಎಲ್ ಅನ್ನುತ್ತಾರೆ, ಅದಕ್ಕೆ ಪೂರ್ತಿ ಒಂದು ಲೈಸೆನ್ಸ್ ಬೇಕು. ಒಂದು ಐಎಫ್‌ಎಲ್ ಒಂದು ಇಂಟೆಲ್ ಕೋರಿಗೆ ಸಮ ಅಂತಲೇ ಇಟ್ಟು, ಶೇ. 80ರ ತನಕ ದುಡಿಸಿದರೆ 80 ಲೈಸೆನ್ಸಿಗೆ ಮುಗಿಯಿತು. 320 ಎಲ್ಲಿ, 80 ಎಲ್ಲಿ! ಮಾರುವವರ ಸ್ಲೈಡ್ ಇಲ್ಲಿಗೆ ನಿಲ್ಲುತ್ತದೆ, ನನಗೆ ಸಿಟ್ಟು ಬರುವುದೂ ಇಲ್ಲೇ.

ಯಾಕೆಂದರೆ ಅದೇ ಕೆಲಸವನ್ನು ಎರಡೇ ಇಂಟೆಲ್ ಸರ್ವರಿಗೆ ಸೇರಿಸಿ ಶೇ. 50ರಲ್ಲಿ ಓಡಿಸಬಹುದಲ್ವಾ? ಒಂದು ಕೆಟ್ಟರೆ ಇರಲಿ ಅಂತ ಮೂರನೆಯದನ್ನೂ ಸೇರಿಸಿ, 96 ಲೈಸೆನ್ಸ್ ಆಯಿತು. 80ಕ್ಕೂ 96ಕ್ಕೂ ಇರುವ ಅಂತರ ಯಂತ್ರದ ಬೆಲೆಯಲ್ಲೇ ಕರಗಿಹೋಗಬಹುದು. ತುಂಬಿದ ಮೇನ್‌ಫ್ರೇಮನ್ನು ಖಾಲಿ ಸರ್ವರುಗಳ ಜೊತೆ ಹೋಲಿಸಿದ ಲೆಕ್ಕವನ್ನು ದಯವಿಟ್ಟು ಒಪ್ಪಬೇಡಿ. ಉಚಿತ ಡೇಟಾಬೇಸ್ ಪೋಸ್ಟ್‌ಗ್ರೆಸ್ ಬಳಸುವವರಿಗಂತೂ ಈ ವಾದವೇ ಇಲ್ಲ, ಅದಕ್ಕೆ ಕೋರ್ ಎಣಿಸುವವರು ಯಾರೂ ಇಲ್ಲ.

ಹಾಗಂತ ಅಗ್ಗದ ಪೆಟ್ಟಿಗೆ ಅಗ್ಗವಾಗಿಯೇ ಉಳಿಯುತ್ತದೆ ಅಂತಲೂ ನಂಬಬೇಡಿ. ಒಂದೇ ಸರ್ವರನ್ನು ಹಲವು ಸರ್ವರುಗಳಂತೆ ಬಳಸುವ ಸಾಫ್ಟ್‌ವೇರ್ ಮಾಡುವ ಕಂಪನಿ ವಿಎಂವೇರ್. 2023ರ ಕೊನೆಯಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡು, ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್ ನಿಲ್ಲಿಸಿ ಎಲ್ಲರನ್ನೂ ಚಂದಾಕ್ಕೆ ತಂದಿತು. ಆಗ ಎಷ್ಟು ಜನರ ಐದು ವರ್ಷದ ಲೆಕ್ಕ ತಲೆಕೆಳಗಾಯಿತು! ಮೇನ್‌ಫ್ರೇಮಿನಲ್ಲಿ ಒಂದು ಕೋರ್ ಕೆಟ್ಟರೆ ಒಳಗಿರುವ ಸ್ಪೇರ್ ಕೋರ್ ಕೆಲಸ ಮುಂದುವರಿಸುತ್ತದೆ, ಅಪ್ಲಿಕೇಶನ್ನಿಗೆ ಗೊತ್ತೂ ಆಗುವುದಿಲ್ಲ. ಈ ಗಟ್ಟಿತನ ನನಗೆ ನಿಜವಾಗಿಯೂ ಇಷ್ಟ. ಸರ್ವರ್ ರಾಶಿಯಲ್ಲಿ ಅದನ್ನು ಹಲವು ಸರ್ವರ್ ಜೋಡಿಸಿ ಕ್ಲಸ್ಟರ್ ಕಟ್ಟಿ, ಜನ ಇಟ್ಟು ಸಾಧಿಸಬೇಕು. ಆ ಜನರ ಸಂಬಳವೂ ಖರ್ಚೇ.

ಐಬಿಎಂ ಮೇನ್‌ಫ್ರೇಮಿನದೇ ಆಪರೇಟಿಂಗ್ ಸಿಸ್ಟಮ್ ಝಡ್‌ಓಎಸ್ ಮೇಲೆ, ಹಳೆಯ ಕೋಬಾಲ್ ಭಾಷೆಯ ಪ್ರೋಗ್ರಾಂ ಓಡಿಸುವ ಬ್ಯಾಂಕುಗಳದ್ದು ಬೇರೆ ಕಥೆ. ಅಲ್ಲಿ ಹಳೆಯ ಪದ್ಧತಿಯ ತಿಂಗಳ ಸಾಫ್ಟ್‌ವೇರ್ ಬಿಲ್ಲು, ಸತತ ನಾಲ್ಕು ಗಂಟೆಗಳ ಸರಾಸರಿ ಬಳಕೆ ಆ ತಿಂಗಳಲ್ಲಿ ಎಲ್ಲಿ ಅತಿ ಹೆಚ್ಚು ಮುಟ್ಟಿತೋ ಅದರ ಮೇಲೆ ಬರುತ್ತದೆ. ತಿಂಗಳ ಕೊನೆಯ ಒಂದು ರಾತ್ರಿಯ ಬ್ಯಾಚ್, ಅಂದರೆ ಒಟ್ಟಿಗೆ ಓಡಿಸುವ ಕೆಲಸಗಳ ಕಂತೆ, ಇಡೀ ತಿಂಗಳ ಬಿಲ್ಲನ್ನು ಏರಿಸಬಹುದು. ಅಂಥವರು ಯಂತ್ರ ಬದಲಿಸುವ ಮೊದಲು ಆ ಬ್ಯಾಚಿನ ಸಮಯ ಬದಲಿಸಿ ನೋಡಲಿ.

ಕೋರ್ ಲೆಕ್ಕದ ದುಬಾರಿ ಸಾಫ್ಟ್‌ವೇರ್ ಬಿಡಲಾಗದವರು, ಒಂದು ನಿಮಿಷವೂ ನಿಲ್ಲಿಸಲಾಗದವರು ಲಿನಕ್ಸ್‌ಒನ್ ನೋಡಬಹುದು. ಉಳಿದವರಿಗೆ, ವಿಎಂವೇರಿನದೇ ಕೆಲಸ ಮಾಡುವ ಉಚಿತ ಕೆವಿಎಂ ಹಾಕಿದ ಇಂಟೆಲ್ ಸರ್ವರ್ ಸಾಕು. ಯಾರ ಹತ್ತಿರ ಹೋದರೂ ಮೂರು ತಿಂಗಳ ನಿಮ್ಮದೇ ಸಿಪಿಯು ಬಳಕೆಯ ಅಂಕಿ ಜೊತೆಗಿರಲಿ, ಸಪೋರ್ಟ್ ಸೇರಿಸಿದ ಐದು ವರ್ಷದ ಬೆಲೆಯನ್ನು ಬರಹದಲ್ಲೇ ಕೇಳಿ.